ಹಾಡಿಗೆ ಅರವತ್ನಾಕು ತೊಟ್ಟು

ಬ್ಯಾಡಗಿ ಸ್ಟೇಷನ್ ರೋಡಿನ ಚಮನ್‌ಸಾಬನ ಅಂಗಡ್ಯಾಗ
ಗಾಜಿನ ಕೆಳಗ ಮಲಗಿದ್ದುವು ಹಾಡೂ ಪೆಟ್ಟಿಗಿ.
ಒಂದು ಬೆಂಕಿಪೊಟ್ಟಣದಷ್ಟು, ಒಂದು ಸಾಬಾಣದಷ್ಟು,
ಒಂದಕ್ಕ ಮ್ಯಾಲ ಹಿಡಿಕಿನೂ ಇತ್ತು.

"ಡಬ್ಬಿ ಬೇಕೇನ್ ಅಕ್ಕಾ, ಕಡ್ಡಿ ಬೇಕೇನ್?"
ಹುಡುಗ ನಕ್ಕ. ನನ್ನ ಸೀರಿ ಘಾಟಿಗೆ
ಆಗಲೇ ಎರಡು ಸಲ ಸೀನಿದ್ದ,
ಏನು ಕೆಲಸದಾಕಿ ಅಂತ ಕೇಳೂ ಜರೂರಿ ಇರಲಿಲ್ಲ.
ನಾನೂ ಬಿಡಲಿಲ್ಲ: ಬಣ್ಣ ನೋಡಿ ಮಳ್ಳಾಗಾಕ
ನಾ ಏನ್ ಹೊರಗಿನ ಖರೀದಿದಾರ ಅಲ್ಲೋ ತಮ್ಮಾ,
ಮುರದು ತೋರಸು, ಒಳಗ ಎಷ್ಟು ಬೀಜ ಅದಾವ.

ನಾಕು ಜೀಬಿ, ಅಂದ.
ಸುಮ್ಮನ ನಿಂತೆ.
ಸಾವಿರ ಹಾಡು ಹಿಡೀತಾವ, ಅಂದ.
ಆಗ ತಿಳೀತು.

ಸಾಬಾಣದ್ದು ಆರನೂರಾ ನಲವತ್ತು,
ಬೆಂಕಿಪೊಟ್ಟಣ ನೂರು ಕಮ್ಮಿ, ಹಿಡಿಕೀದ್ದು ಕೇಳಬ್ಯಾಡ.
ನಮಗ ಕಿಲೋಕ್ಕ ಹತ್ತು, ತೊಟ್ಟು ಬಿಡಿಸಿದ್ದಕ್ಕ.
ಅಂದ್ರ ಅರವತ್ನಾಕು ಕಿಲೋ.
ಒಣಗಿದ ಕಾಯಿ ಉಸರಿನಷ್ಟು ಹಗುರ,
ಸಾವಿರ ಒಟ್ಟಿದ್ರ ಕಿಲೋ ಆಗತೈತಿ,
ಅರವತ್ನಾಕು ಸಾವಿರ ಸಲ ಈ ಹೆಬ್ಬೆರಳು ಚಿವುಟಬೇಕು
ಸಾವಿರ ಹಾಡಿಗೆ.
ಬೆರಳ ಗೆಣ್ಣಿನ ಮ್ಯಾಲ ಎಣಿಸಿದೆ:
ಹಾಡಿಗೆ ಅರವತ್ನಾಕು ತೊಟ್ಟು.
ತುಟ್ಟಿ ಅಲ್ಲ. ಸೋವಿನೂ ಅಲ್ಲ.

ಆದರ ಸಾವಿರ ಯಾರಿಗೆ ಬರತಾವ?
ರೇಡಿಯೋದಾಗ ಅರ್ಧ ಕೇಳಿದ್ದು,
ಕರೆಂಟು ಹೋಗಿ ಉಳಿದರ್ಧ ಇನ್ನೂ ಗೊತ್ತಿಲ್ಲದ್ದು,
ಬಸ್ಸಿನ್ಯಾಗ ಡ್ರೈವರ್ ಹಚ್ಚಿ
ಮೋಟೆಬೆನ್ನೂರು ಬರೂದರಾಗ ಮುಗಿದುಹೋದದ್ದು,
ಎಲ್ಲಾ ಕೂಡಿಸಿದ್ರ ಮೂವತ್ತೊಂದು ಆದ್ವು.

ಗಾತ್ರದ್ದು ಬ್ಯಾರೆ ತಕರಾರು.
ಹಿಡಿಕೀದ್ದು ಗೋಡೌನ ತುಂಬ ಒದರತೈತಿ.
ಒದರಲಿ, ಖುಷಿನ. ಆದರ ತೂಕದ ಗುದ್ಲೆಪ್ಪ
ಎಷ್ಟಂದ ಅಂತ ಕಿವಿಗೆ ಬೀಳದಿದ್ರ
ಎರಡು ಕಿಲೋ ಅಲ್ಲೇ ಹಾರಿಹೋಗತಾವ,
ಆಮ್ಯಾಲೆ ಯಾವ ಹಾಡು ತಂದು ಕೊಡತೈತಿ?
ಸಣ್ಣದು ಕುಪ್ಪಸದಾಗ ಕೂಡತೈತಿ, ಎಲಿಅಡಕಿ ಚೀಲದ ಬಾಜೂಕ;
ಆದರ ಕಿವಿಗೆ ಎರಡು ಬೀಜ ಚುಚ್ಚಿಕೊಂಡು ಕುಂತರ
ಹಜರತ್‌ಬಿ ಚೇಷ್ಟಿಗೆ ಎಂಟು ಮಂದಿ ನಕ್ಕಾಗ
ನಾ ಒಬ್ಬಾಕಿ ಕಾಯಿ ನೋಡತಿರಬೇಕು.
ಮತ್ತ ಈ ಕೈಲೆ ಕಿವಿ ಮುಟ್ಟೂದು?
ಕಣ್ಣು ತುರಿಸಿದ ದಿನ ನೆನಪೈತಿ.

"ಗುಂಡಿ ದೊಡ್ಡದು ಯಾವುದಕ್ಕೈತಿ?"
ಅಂಗಡ್ಯಾಗ ನಿಂತೇ ಮೊಣಕೈಲೆ ಒತ್ತಿ ನೋಡಿದೆ.
ಬೆಂಕಿಪೊಟ್ಟಣ ಜಾರಿಕೊಂತು.
ಸಾಬಾಣದ್ದು ಒತ್ತಿಸಿಕೊಂತು, ಹಾಡಿತು.
ಗ್ಯಾರಂಟಿ ಆರು ತಿಂಗಳು, ನೀರು ಬಿದ್ರ ಇಲ್ಲ, ಅಂದ.
ಖಾರ ಬಿದ್ರ?
ಅದನ್ನ ಡಬ್ಬಿ ಮ್ಯಾಲ ಬರದಿಲ್ಲ ಅಕ್ಕಾ.

ಆರನೂರಕ್ಕ ಇಳಿದ.
ಹಾಡು ತುಂಬಾಕ ಬ್ಯಾರೆ ಐವತ್ತು ಅಂದ, ನಲವತ್ತಕ್ಕ ಬಂದ.
ಲೆಕ್ಕ ಮೊದಲಿದ್ದಲ್ಲಿಗೇ ಬಂದು ನಿಂತಿತು.
ಆದರೂ ಚೌಕಾಶಿ ಮಾಡಿದ ಸಮಾಧಾನ ಬ್ಯಾರೆ.

ಮೂವತ್ತೊಂದು ಹಾಕಿ ತಲಿ ಎತ್ತಿದ:
"ಇನ್ನೂ ಭಾಳ ಜಾಗ ಉಳಿದೈತಿ,
ಸಿನಿಮಾದ್ದು ನನ್ನ ಕಡೆ ಅದಾವ, ಒಗೀಲೇನು?"
ಬ್ಯಾಡ.
ಚೀಲ ತುಂಬೂವಾಗ ಬಾಯಿಗೆ ಒಂದು ಗೇಣು ಬಿಡತೀವಿ.
ಬಿಡದಿದ್ರ ದಬ್ಬಣ ಎಲ್ಲಿ ಹಾಕೂದು?

ಗುರುವಾರ. ರಾಶಿ ಸುತ್ತ ಕುಂತೀವಿ.
ಎಡಗಿವಿಗೆ ಹಾಡು,
ಮುಂಜಾನೆ ಕೈ ಕಾಯಿಗೆ ಹೋಗೂ ಮೊದಲ ಸಿಗಿಸಿಕೊಂಡದ್ದು.
ಬಲಗಿವಿ ಗುದ್ಲೆಪ್ಪಗ.
ಉಳಿದೊಂದು ಬೀಜ ಎದಿಮ್ಯಾಲ ಜೋತಾಡತಿತ್ತು,
ಹಜರತ್‌ಬಿ ಸೆರಗಲೆ ಹಿಡದು ಎಳಕೊಂಡಳು,
ಕಿವಿಗೆ ಒಯ್ಯೂದರಾಗ ಸೀನು ಬಂತು,
ಕೈ ಬಿಟ್ಟಳು. ಅದು ರಾಶ್ಯಾಗ ಇಳಿದು ಮುಳುಗಿತು.

ಎಲ್ಲಾರೂ ಸುಮ್ಮನಾದ್ವಿ.
ಕೆಂಪಿನ ಒಳಗಿಂದ, ಸಣ್ಣಗ, ಯಾರದೋ ದನಿ.
"ಏ, ಕಾಯಿ ಹಾಡಾಕ ಹತ್ತ್ಯಾವ," ಅಂದಳು ಹಜರತ್‌ಬಿ,
"ಹಾಡೂ ಕಾಯಿಗೆ ಏನು ರೇಟು ಕೇಳ್ರಿ."

ತಕ್ಕಡಿ ಕಡೆಯಿಂದ ಒದರಿದ:
"ಹದಿನೆಂಟೂವರಿ!"

ಕೇಳಿಸಿತು.